ಹಾಸುಬಂಡೆಯ ಮರಿ

ಅಕ್ಟೋಬರ್ ಬಂತೆಂದರೆ ಅಂಗಡಿಯ ಜೆಸ್ಸಿಗೆ ಒಂದೇ ಚಿಂತೆ. ಥೋರಾ ಬಾಗಿಲು ದೂಡಿಕೊಂಡು ಒಳಗೆ ಕಾಲಿಟ್ಟರೆ ಸಾಕು, "ನಾನು ಬಂದ್ನಾ?" ಎಂದು ಜೆಸ್ಸಿ ಕೇಳುವಳು.

"ಇನ್ನೂ ಇಲ್ಲ. ಬೆಲ್ಲಾ ಬಂದಿದಾಳೆ. ಹೊಟ್ಟೆ ನೆಲಕ್ಕೆ ತಾಗ್ತಿದೆ, ಇವತ್ತೋ ನಾಳೆನೋ ಅನ್ನೋ ಹಾಗಿದೆ."

ಪಕ್ಕದಲ್ಲೇ ಆಲೂಗಡ್ಡೆ ಆರಿಸುತ್ತ ನಿಂತ ಬೆಲ್ಲಾ ಇಸ್ಬಿಸ್ಟರ್‌ಗೆ ಎಪ್ಪತ್ತೆರಡು ವರ್ಷ. "ಈ ವಯಸ್ಸಲ್ಲಿ ನನಗಿದು ಬೇಕಿತ್ತಾ," ಎಂದು ಅವಳು ಗೊಣಗುವಳು. ಅಂಗಡಿಯಲ್ಲಿದ್ದವರೆಲ್ಲ ನಗುವರು. ಪ್ರತಿ ವರ್ಷವೂ ಇದೇ ಮಾತು, ಇದೇ ನಗು.

ಸ್ಕೇಲ್ವಿಕ್ ಕೊಲ್ಲಿಗೆ ಮರಿ ಹಾಕಲು ಬರುವ ಸೀಲ್ ಎಂಬ ಕಡಲಪ್ರಾಣಿಗಳಿಗೆ ಊರಿನ ಹೆಂಗಸರ ಹೆಸರಿಡುವ ಚಾಳಿ ಥೋರಾ ಲಿಂಕ್‌ಲೇಟರ್‌ಳದು. ಜೆಸ್ಸಿ ಎಂಬ ಸೀಲ್‌ಗೆ ಎಡಗಣ್ಣಿನ ಮೇಲೆ ಮೂರು ಕಪ್ಪು ಮಚ್ಚೆ. ಬೆಲ್ಲಾ ಎಂಬ ಸೀಲ್‌ನ ಕತ್ತಿನಲ್ಲಿ ಹಳೆಯ ಬಲೆ ಕೊರೆದ ಗೆರೆ. ಆರ್ಕ್ನಿ ದ್ವೀಪಸಮೂಹದ ಉತ್ತರದ ತುದಿಯ ಈ ಪುಟ್ಟ ದ್ವೀಪದಲ್ಲಿ ಥೋರಾ ಮೂವತ್ತು ವರ್ಷ ಅಂಚೆಯ ವ್ಯಾನ್ ಓಡಿಸಿದ್ದಳು. ಯಾವ ಮನೆಯ ಬಾಗಿಲಲ್ಲಿ ಯಾವ ಮುಖ ಎಂಬುದು ನಿದ್ದೆಯಲ್ಲಿ ಕೇಳಿದರೂ ಗೊತ್ತು. ನಿವೃತ್ತಳಾದ ಮೇಲೆ ಆ ಕಣ್ಣನ್ನೇ ಸೀಲ್‌ಗಳ ಮೇಲೆ ನೆಟ್ಟಳು. ಹನ್ನೊಂದು ವರ್ಷದಿಂದ ಚಳಿಗಾಲದ ಶುರುವಿನಲ್ಲಿ ಕೊಲ್ಲಿಯ ಮೇಲಿನ ಕಲ್ಲುಗೋಡೆಯ ಹಿಂದೆ ಕೂತು ಕಾವಲು ಕಾಯುತ್ತಿದ್ದಾಳೆ. ನೋಡಲು ಬಂದವರು ಗೋಡೆ ದಾಟದಂತೆ, ನಾಯಿ ಬಿಡದಂತೆ, ಎದ್ದು ನಿಂತು ಆಕಾಶಕ್ಕೆ ಎದುರಾಗಿ ಕಾಣಿಸದಂತೆ ನೋಡಿಕೊಳ್ಳುವುದು ಅವಳ ಕೆಲಸ. ಸಂಬಳವಿಲ್ಲ, ಒಂದು ಹಳದಿ ಕೋಟು ಕೊಟ್ಟಿದ್ದಾರೆ ಅಷ್ಟೆ. "ಥೋರಾಗೆ ಎಲ್ಲ ಸೀಲ್‌ಗಳ ಮುಖವೂ ಗೊತ್ತು" ಎಂದು ಊರು ಹೇಳುತ್ತದೆ. ಹೇಳಿ ಹೇಳಿ ಅದು ಅವಳಿಗೂ ನಿಜವಾಗಿಬಿಟ್ಟಿತ್ತು.

ಈ ವರ್ಷವೇ ಕೊನೆ. ಮೊಣಕಾಲು ಕೈಕೊಟ್ಟಿದೆ. ತಂಗಿಯ ಮಗಳು ಮೆರ್ರನ್, ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಗಟ್ಟಿಮುಟ್ಟಾದ ಹೆಂಗಸು, ಹಳದಿ ಕೋಟು ತೊಡಲು ಒಪ್ಪಿದ್ದಾಳೆ. ಮೂರು ವಾರದಿಂದ ದೊಡ್ಡಮ್ಮನ ಪಕ್ಕ ಕೂತು ಕಲಿಯುತ್ತಿದ್ದಾಳೆ. ಊರವರಿಗೆಲ್ಲ ಇದು ಖುಷಿ. ಥೋರಾಗೆ ಮಾತ್ರ ಎದೆಯಲ್ಲಿ ಒಂದು ಮುಳ್ಳು. ಹೋದ ನವೆಂಬರಿನಲ್ಲಿ ನಡೆದದ್ದನ್ನು ಹೇಳದೆ ಈ ಕೋಟು ಬಿಚ್ಚಿಕೊಟ್ಟರೆ ಅದು ಮೋಸ ಎಂದು ಅವಳಿಗೆ ಗೊತ್ತಿತ್ತು. ಹೇಳಲು ಹೊರಟರೆ ನಾಲಿಗೆ ಹೊರಳುತ್ತಿರಲಿಲ್ಲ.

ಎರಡು ದಿನ ಬಿರುಗಾಳಿ ಬಡಿದು ಮೂರನೆಯ ಬೆಳಿಗ್ಗೆ ನಿಂತಿತು. ಒಂಬತ್ತಕ್ಕೆ ಇಬ್ಬರೂ ಗೋಡೆಯ ಬಳಿ ಬಂದಾಗ ಅಲ್ಲಿ ಆಗಲೇ ಒಬ್ಬರು ಕಾಯುತ್ತಿದ್ದರು. ಅಬರ್ಡೀನಿನ ನಿವೃತ್ತ ಬಸ್ ಚಾಲಕ ಗೆಡ್ಡಿಸ್. ಗಾಳಿಗೆ ಫೆರಿ ನಿಂತು ದ್ವೀಪದಲ್ಲೇ ಸಿಕ್ಕಿಬಿದ್ದವರು. ಹೆಂಡತಿ ತಂಗುಮನೆಯಲ್ಲಿ ಹೊದ್ದು ಮಲಗಿದ್ದಾಳಂತೆ, ನಾಯಿ ಕಾರಿನಲ್ಲಿದೆಯಂತೆ.

"ಎಷ್ಟು ದೂರ ಇರ್ಬೇಕು?" ಎಂದು ಅವರು ಕೇಳಿದರು.

"ಹತ್ತು ಬಸ್ಸಿನಷ್ಟು," ಎಂದಳು ಮೆರ್ರನ್. ಅವಳಿಗೆ ಈಗೀಗ ಈ ಮಾತು ಬಾಯಿಪಾಠ.

"ಉದ್ದದ ಬಸ್ಸೋ, ಗಿಡ್ಡದ್ದೋ?"

"ನೀವು ಓಡಿಸ್ತಿದ್ದದ್ದು ಯಾವುದೋ ಅದೇ. ಕೂತ್ಕೊಳಿ, ತಲೆ ಗೋಡೆಗಿಂತ ಮೇಲೆ ಬೇಡ. ಅವು ನಿಮ್ಮನ್ನ ನೋಡಿ ನೀರಿಗೆ ಹಾರಿದ್ರೆ ಮರಿಗಳು ಅಡಿಗೆ ಸಿಕ್ಕಿ ಚಟ್ನಿ."

ಗೆಡ್ಡಿಸ್ ತಕ್ಷಣ ಕೂತರು. ಥೋರಾಗೆ ನಗು ಬಂತು. ಹುಡುಗಿ ಚೆನ್ನಾಗಿ ಕಲಿತಿದ್ದಾಳೆ, ತನಗಿಂತ ಜೋರಾಗಿದ್ದಾಳೆ ಎಂದುಕೊಂಡಳು. ಗಾಳಿ ಕಡಲ ಕಡೆಯಿಂದ ಮುಖಕ್ಕೆ ಬೀಸುತ್ತಿತ್ತು. ಅದು ಒಳ್ಳೆಯದು. ಮನುಷ್ಯರ ವಾಸನೆ ಕೆಳಗೆ ಹೋಗುವುದಿಲ್ಲ. ಮೂವರೂ ಗೋಡೆಯ ಸಂದಿಗಳಲ್ಲಿ ಕಣ್ಣಿಟ್ಟರು.

ಕೊಲ್ಲಿ ಗುರುತೇ ಸಿಗದ ಹಾಗಾಗಿತ್ತು. ಬಿರುಗಾಳಿ ಕಡಲಪಾಚಿಯನ್ನು ಸೊಂಟದೆತ್ತರ ತಂದು ಸುರಿದಿತ್ತು. ಅದರ ಮೇಲೆ, ಕೆಳಗೆ, ನಡುವೆ, ತಾಯಿ ಸೀಲ್‌ಗಳು ಮೂಟೆಗಳಂತೆ ಬಿದ್ದುಕೊಂಡಿದ್ದವು. ಬಿಳಿ ಮರಿಗಳು ಅಲ್ಲಲ್ಲಿ. ಮೆರ್ರನ್ ಬೆರಳು ಮಡಚಿ ಎಣಿಸತೊಡಗಿದಳು. ಇಪ್ಪತ್ತಾರು ಇದ್ದದ್ದು ಇಪ್ಪತ್ಮೂರು. ಬಿರುಗಾಳಿಯ ಮರುದಿನ ಹೀಗೇ.

ಆಗ ಅಳು ಕೇಳಿಸಿತು.

ಮರಿ ಸೀಲ್‌ನ ಅಳು ಎಳೆಗೂಸಿನದೇ. ಎಷ್ಟು ಸಲ ಕೇಳಿದ್ದರೂ ಥೋರಾಗೆ ಎದೆ ಧಸಕ್ಕೆನ್ನುತ್ತದೆ. ಬಲತುದಿಯಲ್ಲಿ, ಉಳಿದ ಸೀಲ್‌ಗಳಿಂದ ದೂರ, ಕಡಲಿಗೆ ಚಾಚಿಕೊಂಡ ಹಾಸುಬಂಡೆಯೊಂದಿದೆ. ಅದರ ತುದಿಯಲ್ಲಿ ಒಂದು ಮರಿ ಒಂಟಿಯಾಗಿ ಬಿದ್ದಿತ್ತು. ವಾರದ ಕೂಸು. ಮೈ ಒದ್ದೆ, ಹೊಟ್ಟೆ ಒಳಕ್ಕೆ ಹೋಗಿದೆ. ಈಗ ಇಳಿತದ ಹೊತ್ತಾದ್ದರಿಂದ ಬಂಡೆಯ ಅಂಚಿನಿಂದ ನೀರಿಗೆ ಎರಡಾಳು ಎತ್ತರ. ಮಧ್ಯಾಹ್ನ ಒಂದರ ಹೊತ್ತಿಗೆ ಉಬ್ಬರ ಏರಿ ಬಂಡೆಯ ಮೇಲೆ ಬರುತ್ತದೆ. ಬಿರುಗಾಳಿಯ ಅಲೆ ಇನ್ನೂ ಪೂರ್ತಿ ಸತ್ತಿಲ್ಲ.

"ಅಲೆ ಎಳ್ಕೊಂಡು ಬಂದು ಅಲ್ಲಿ ಎಸೆದಿದೆ," ಎಂದಳು ಮೆರ್ರನ್. "ತಾಯಿ ಇಲ್ಲೇ ಎಲ್ಲೋ ಮೇಲೆ ಹುಡುಕ್ತಿರ್ತಾಳೆ. ಯಾರದು ದೊಡ್ಡಮ್ಮ?"

ಥೋರಾ ದುರ್ಬೀನು ಎತ್ತಿದಳು. ಕೈ ತಾನಾಗಿಯೇ ಎಡಕ್ಕೆ, ಬೆಲ್ಲಾ ಇರುವ ಕಡೆ ಹೋಯಿತು. ಕತ್ತಿನ ಗೆರೆ ಸ್ಪಷ್ಟ. ಪಾಚಿಯ ದಿಬ್ಬಕ್ಕೆ ಒತ್ತಿಕೊಂಡು ಮಲಗಿದ್ದ ಬೆಲ್ಲಾ ಹಾಸುಬಂಡೆಯ ಅಳು ಕೇಳಿದಾಗಲೆಲ್ಲ ತಲೆ ಎತ್ತುತ್ತಿದ್ದಳು, ಕೂಗುತ್ತಿದ್ದಳು, ಮತ್ತೆ ತಲೆ ಇಡುತ್ತಿದ್ದಳು. ಮಗ್ಗುಲಲ್ಲಿ ಮರಿಯಿಲ್ಲ. ಬೆಲ್ಲಾ ಹಡೆದು ಎಂಟು ದಿನ. ಬಂಡೆಯ ಮೇಲಿನದಕ್ಕೂ ಅಷ್ಟೇ ವಯಸ್ಸು. ಇನ್ನೇನು ಬೇಕು? ಬೆಲ್ಲಾಳದೇ. ಥೋರಾಗೆ ಒಂದಿಷ್ಟೂ ಅನುಮಾನವಿರಲಿಲ್ಲ.

ಆ ಅನುಮಾನವಿಲ್ಲದ ಮನಸ್ಸನ್ನು ಗುರುತಿಸಿದ್ದೇ ಅವಳು ದುರ್ಬೀನು ಇಳಿಸಿದಳು. ಹೋದ ವರ್ಷವೂ ಹೀಗೇ ಇತ್ತು.

"ಹೇಳಿ ದೊಡ್ಡಮ್ಮ. ನಿಮಗೆ ಗೊತ್ತಾಗಿದೆ, ನಿಮ್ಮ ಮುಖದಲ್ಲೇ ಕಾಣ್ತಿದೆ." ಮೆರ್ರನ್ ಆಗಲೇ ಕೈಗವಸು ಹಾಕಿಕೊಳ್ಳುತ್ತಿದ್ದಳು. "ಆ ಕಡೆಯಿಂದ ಬಗ್ಗಿಕೊಂಡು ಹೋದ್ರೆ ಯಾವುದೂ ಗಾಬರಿ ಆಗಲ್ಲ. ಗೋಣಿಚೀಲದಲ್ಲಿ ಹಾಕ್ಕೊಂಡು ಬಂದು ಅವಳ ಮುಂದೆ ಬಿಟ್ಟು ಬರ್ತೀನಿ. ಐದು ನಿಮಿಷ."

"ಮುಟ್ಟಬಾರದು ಅಂತ ನೀನೇ ಕಲಿತದ್ದಲ್ವಾ."

"ಬಂದವರು ಮುಟ್ಟಬಾರದು. ನಿಮಗೆ ತಾಯಿ ಯಾರು ಅಂತ ಗೊತ್ತಲ್ಲ. ಅದು ಬೇರೆ."

"ಅದು ಸರಿ," ಎಂದರು ಗೆಡ್ಡಿಸ್. "ಗೊತ್ತಿದ್ದೂ ಕೈಕಟ್ಟಿ ಕೂರೋದು ನನ್ನಿಂದಾಗಲ್ಲಪ್ಪ. ಬೇಕಾದ್ರೆ ನಾನೂ ಬರ್ತೀನಿ, ಚೀಲ ಹಿಡ್ಕೋತೀನಿ."

"ನೀವು ಕೂತ್ಕೊಳಿ," ಎಂದು ಮೆರ್ರನ್ ಅವರನ್ನು ಗದರಿದಳು. ಆಮೇಲೆ ದೊಡ್ಡಮ್ಮನ ಕಡೆ ತಿರುಗಿ ದನಿ ತಗ್ಗಿಸಿದಳು. "ಒಂದು ಹೆಸರು ಹೇಳಿ ಸಾಕು."

ಹೆಸರು ತುಟಿಯ ಮೇಲೇ ಇತ್ತು. ಥೋರಾ ದುರ್ಬೀನನ್ನು ಮಡಿಲಲ್ಲಿಟ್ಟುಕೊಂಡಳು. ಹುಡುಗಿ ತನ್ನನ್ನು ನೋಡುತ್ತಿದ್ದ ಆ ನೋಟ ಅವಳಿಗೆ ಬಹಳ ಇಷ್ಟದ್ದು. ಮೂರು ವಾರದಿಂದ ಅದರ ಬಿಸುಪಿನಲ್ಲೇ ಕೂತಿದ್ದಳು. ಈಗ ಬಾಯಿಬಿಟ್ಟರೆ ಅದು ಹೋಗುತ್ತದೆ. ಬಾಯಿಬಿಡದಿದ್ದರೆ ಇವಳು ಹೋಗಿ ಎತ್ತಿಕೊಂಡು ಬರುತ್ತಾಳೆ. ಇವತ್ತಲ್ಲದಿದ್ದರೆ ಮುಂದಿನ ವರ್ಷ, ತಾನಿಲ್ಲದಾಗ.

"ಹೋದ ವರ್ಷದ ಗಾಳಿ ನೆನಪಿದೆಯಾ," ಎಂದಳು. "ಸಮುದ್ರ ಒಂದು ಮರಿ ತಗೊಂಡು ಹೋಯ್ತು ಅಂತ ಅಂಗಡೀಲಿ ಹೇಳಿದ್ನಲ್ಲ."

"ಹೂಂ."

"ಸಮುದ್ರ ತಗೊಂಡು ಹೋಗ್ಲಿಲ್ಲ."

ಮೆರ್ರನ್ ಕೈಗವಸನ್ನು ಅರ್ಧಕ್ಕೆ ನಿಲ್ಲಿಸಿದಳು.

"ಹೀಗೇ ಒಂದು ಮರಿ ಕಲ್ಲುಗಳ ನಡುವೆ ಸಿಕ್ಕಿಕೊಂಡಿತ್ತು. ಒಬ್ಬಳೇ ಇದ್ದೆ. ದಡದ ಮೇಲ್ಗಡೆ ಜೆಸ್ಸಿ ಕೂಗ್ತಿದ್ಲು, ಪಕ್ಕದಲ್ಲಿ ಮರಿ ಇರ್ಲಿಲ್ಲ. ಮೂರು ಮಚ್ಚೆ ಕಣ್ಣಾರೆ ನೋಡಿದೆ, ಅನುಮಾನನೇ ಇರ್ಲಿಲ್ಲ. ಕೋಟಿನೊಳಗೆ ಹಾಕ್ಕೊಂಡು ಹೋಗಿ ಅವಳ ಮುಂದೆ ಬಿಟ್ಟೆ. ಹಿಂದಕ್ಕೆ ಬಂದು ಕೂತೆ. ಎಷ್ಟು ಖುಷಿಯಾಗಿತ್ತು ಗೊತ್ತಾ. ಅಂಗಡಿ ಜೆಸ್ಸಿಗೆ ಸಂಜೆ ಏನೇನು ಹೇಳಬೇಕು ಅಂತ ಮನಸ್ಸಲ್ಲೇ ಜೋಡಿಸ್ಕೋತಿದ್ದೆ." ಥೋರಾ ದುರ್ಬೀನಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. "ಸೀಲ್ ಜೆಸ್ಸಿ ಮೂಸಿ ನೋಡಿದ್ಲು. ಆಮೇಲೆ ಕತ್ತು ಕಚ್ಚಿ ಹಿಡಿದು ಒದರಿದ್ಲು. ಮೂರೇ ಸಲ. ಅವಳದೇ ಮರಿ ಕಲ್ಲಿನ ಹಿಂದೆ ನಿದ್ದೆ ಮಾಡ್ತಿತ್ತು."

ಗೆಡ್ಡಿಸ್ ಕಡಲಿನ ಕಡೆ ಮುಖ ತಿರುಗಿಸಿ ಕೂತರು. ಕೆಳಗೆ ಮರಿ ಅಳುತ್ತಲೇ ಇತ್ತು.

"ಯಾಕೆ ಹೇಳಿಲ್ಲ?" ಎಂದಳು ಮೆರ್ರನ್.

"ಎಲ್ರೂ ನನ್ನನ್ನೇ ಕೇಳ್ತಾರಲ್ಲೇ. ಥೋರಾಗೆ ಗೊತ್ತು, ಥೋರಾನ ಕೇಳಿ. ಅದನ್ನ ಕಳ್ಕೊಳ್ಳೋಕೆ ಮನಸ್ಸಾಗ್ಲಿಲ್ಲ. ಜಂಬ, ಇನ್ನೇನು." ಥೋರಾ ಗೋಡೆಯ ಸಂದಿಯತ್ತ ತಿರುಗಿದಳು. "ಅದರ ನಿಜವಾದ ತಾಯಿ ಎರಡು ದಿನ ದಡದುದ್ದ ಮೂಸಿಕೊಂಡು ಓಡಾಡಿದ್ಲು. ಅವಳು ಯಾರು ಅಂತ ನನಗೆ ಗೊತ್ತಿರ್ಲಿಲ್ಲ. ಅವಳಿಗೆ ನಾನು ಹೆಸರೂ ಇಟ್ಟಿರ್ಲಿಲ್ಲ."

ಮೆರ್ರನ್ ಕೈಗವಸು ಬಿಚ್ಚಿದಳು. ಒಂದರ ಮೇಲೊಂದಿಟ್ಟು ನೀವಿದಳು. ಅವಳಿಗೆ ಕೋಪ ಬಂದಿತ್ತು, ಅದು ಅವಳ ಕಿವಿ ಕೆಂಪಾದದ್ದರಲ್ಲೇ ಕಾಣುತ್ತಿತ್ತು. "ಮೂರು ವಾರ ಇಲ್ಲಿ ಕೂತು ನನಗೆ ಮಚ್ಚೆ ತೋರಿಸಿ ತೋರಿಸಿ ಕಲಿಸಿದ್ರಿ," ಎಂದಳು.

"ಹೌದು."

"ಈಗ ಇದು ಯಾರದು ಅಂತಾನೂ ಗೊತ್ತಿಲ್ವಾ?"

"ಬೆಲ್ಲಾಳದು ಅಂತ ಅನ್ನಿಸ್ತಿದೆ. ಪಕ್ಕಾ ಅನ್ನಿಸ್ತಿದೆ. ಅದಕ್ಕೇ ಹೆದರಿಕೆ. ನನ್ನ ಮಾತು ಕೇಳಿ ನೀನು ಇಳೀಬೇಡ."

"ಉಬ್ಬರ ಬಂದ್ರೆ ಅದು ಹೋಗುತ್ತೆ ದೊಡ್ಡಮ್ಮ."

"ಹೋಗಬಹುದು," ಎಂದಳು ಥೋರಾ. ಅಷ್ಟು ಹೇಳಲು ಅವಳಿಗೆ ಮೈಯೆಲ್ಲ ನೋವಾಯಿತು.

ಕೂತರು. ಕಾಯುವುದಕ್ಕಿಂತ ಕಷ್ಟದ ಕೆಲಸ ಈ ದಂಡೆಯಲ್ಲಿ ಬೇರೆ ಇಲ್ಲ. ಮೀನು ಹಿಡಿಯುವವನ ಕೈಗೆ ಬಲೆಯಾದರೂ ಇರುತ್ತದೆ, ಕುರಿ ಕಾಯುವವನು ನಾಯಿಯನ್ನಾದರೂ ಬೈಯಬಹುದು. ಇಲ್ಲಿ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂರಬೇಕು. ಹನ್ನೊಂದಾಯಿತು. ಮೆರ್ರನ್ ಸಿಟ್ಟಿನಲ್ಲೇ ಡಬ್ಬಿ ತೆಗೆದು ಬಾರ್ಲಿ ರೊಟ್ಟಿ, ಚೀಸ್ ಹಂಚಿದಳು. ಸಿಟ್ಟಿದ್ದರೂ ದೊಡ್ಡಮ್ಮನಿಗೆ ದೊಡ್ಡ ತುಂಡು. ಗೆಡ್ಡಿಸ್ ತಮ್ಮ ಫ್ಲಾಸ್ಕಿನ ಚಹಾ ಸುರಿದು ಕೊಟ್ಟರು. ಯಾರಿಗೂ ತಿನ್ನುವ ಮನಸ್ಸಿರಲಿಲ್ಲ, ಆದರೂ ತಿಂದರು.

ಹನ್ನೆರಡಕ್ಕೆ ನೀರು ಬಂಡೆಯ ಅರ್ಧ ಏರಿತ್ತು. ಮರಿ ಅಳು ನಿಲ್ಲಿಸಿತು. ಅಳುವಾಗ ಆಗುತ್ತಿದ್ದದ್ದಕ್ಕಿಂತ ಈಗ ಹೆಚ್ಚು ಸಂಕಟವಾಯಿತು. ದೊಡ್ಡ ಕರಿಬೆನ್ನಿನ ಕಡಲಹಕ್ಕಿಯೊಂದು ಬಂಡೆಯ ಮೇಲಿಳಿದು ಮರಿಯ ಬಳಿಗೆ ಪಕ್ಕನಡಿಗೆಯಲ್ಲಿ ಬಂತು. ಮರಿ ತಲೆ ಎತ್ತಿ ಬಾಯಿ ತೆರೆಯಿತು. ಹಕ್ಕಿ ಹಿಂದೆ ಸರಿದು ಕಾದು ನಿಂತಿತು.

"ನಾನು ಹೋಗಿ ಓಡಿಸ್ಲಾ?" ಎಂದರು ಗೆಡ್ಡಿಸ್. ಕಣ್ಣು ಕೆಂಪಾಗಿತ್ತು.

"ಬೇಡ," ಎಂದಳು ಮೆರ್ರನ್. ಈ ಸಲ ಗದರಲಿಲ್ಲ.

ಥೋರಾ ಬೆಲ್ಲಾಳನ್ನೇ ನೋಡುತ್ತಿದ್ದಳು. ಹೋಗೇ, ನಿನ್ನದೇ ಅಲ್ವಾ, ಎದ್ದು ಹೋಗೇ ಎಂದು ಮನಸ್ಸಿನಲ್ಲೇ ಬೇಡುತ್ತಿದ್ದಳು. ಬೆಲ್ಲಾ ಅಲುಗಲಿಲ್ಲ. ಒಂದು ಗಳಿಗೆ ಥೋರಾಗೆ ಅವಳ ಮೇಲೆ ರೋಷವೇ ಬಂತು. ಎಂಥ ತಾಯಿ ಇವಳು? ಇಳಿದುಹೋಗಿ ಮರಿಯನ್ನು ತಂದು ಅವಳ ಮೂಗಿಗೆ ಹಿಡಿಯಬೇಕು ಅನ್ನಿಸಿತು. ಎದ್ದೇಬಿಡುತ್ತಿದ್ದಳೇನೋ. ಮೆರ್ರನ್ ಅವಳ ಕೋಟಿನ ಅಂಚನ್ನು ಹಿಡಿದು ಕೂತಿದ್ದಳು. ಯಾವಾಗ ಹಿಡಿದಳೋ ಥೋರಾಗೆ ಗೊತ್ತಾಗಿರಲಿಲ್ಲ.

ಒಂದಕ್ಕೆ ಹತ್ತು ನಿಮಿಷವಿರುವಾಗ ಮೊದಲ ಅಲೆ ಬಂಡೆಯ ಮೇಲೆ ತೆಳ್ಳಗೆ ಹರಿಯಿತು. ಎರಡನೆಯದು ಮರಿಯನ್ನು ಅರ್ಧ ಸುತ್ತು ತಿರುಗಿಸಿತು. ಹಕ್ಕಿ ಹಾರಿತು. ಗೆಡ್ಡಿಸ್ ಟೋಪಿ ತೆಗೆದು ಮುಖದ ಮೇಲಿಟ್ಟುಕೊಂಡರು. ಮೂರನೆಯ ಅಲೆ ದೊಡ್ಡದು.

ಆ ಅಲೆಯ ಮೇಲೇ ಒಬ್ಬಳು ಬಂದಳು.

ಬಂಡೆಯ ಅಂಚಿಗೆ ಅಲೆ ಅವಳನ್ನು ಎತ್ತಿ ಇಟ್ಟ ಹಾಗೆ ಕಂಡಿತು. ಸಣಕಲು ಮೈ, ಚಿಕ್ಕ ವಯಸ್ಸು, ಬಹುಶಃ ಚೊಚ್ಚಲು. ಥೋರಾ ಈ ಮುಖವನ್ನು ಒಮ್ಮೆಯೂ ಕಂಡಿರಲಿಲ್ಲ. ಅವಳು ಹೊಟ್ಟೆಯ ಮೇಲೆ ಎಳೆದುಕೊಂಡು ಬಂದು ಮರಿಯ ಮೂಗಿಗೆ ಮೂಗು ಹಚ್ಚಿದಳು. ಮೂಸಿದಳು. ಈಗ ಕಚ್ಚುತ್ತಾಳೆ, ಈಗ ಒದರುತ್ತಾಳೆ ಎಂದು ಥೋರಾ ಕಣ್ಣು ಮುಚ್ಚಿಕೊಂಡಳು.

"ನೋಡಿ ದೊಡ್ಡಮ್ಮ," ಎಂದಳು ಮೆರ್ರನ್.

ಹೆಣ್ಣು ಸೀಲ್ ಮರಿಯ ಹಿಂದೆ ಬಂದು ತನ್ನ ಮೈಯನ್ನು ಅಲೆಗೆ ಅಡ್ಡ ಇಟ್ಟು ಅದನ್ನು ಮೂತಿಯಿಂದ ಮೇಲಕ್ಕೆ ದೂಡುತ್ತಿದ್ದಳು. ಮರಿ ಎರಡು ಮೊಳ ಹೋಗಿ ಬಿದ್ದುಕೊಳ್ಳುತ್ತಿತ್ತು. ಅವಳು ಕೈಯಂಥ ರೆಕ್ಕೆಯಿಂದ ಕೆರೆದು ಎಬ್ಬಿಸುತ್ತಿದ್ದಳು. ಹಾಗೇ ನಿಂತು ನಿಂತು, ಕಾಲು ಗಂಟೆಯಲ್ಲಿ, ಇಬ್ಬರೂ ಪಾಚಿಯ ರಾಶಿಯ ಮೇಲಕ್ಕೆ ಬಂದರು. ಅಲ್ಲಿ ಅವಳು ಮಗ್ಗುಲಾದಳು. ಮರಿ ಹುಡುಕಿತು, ತಪ್ಪಿತು, ಮತ್ತೆ ಹುಡುಕಿತು, ಸಿಕ್ಕಿತು.

"ಎಲ್ಲಿಂದ ಬಂದ್ಲು?" ಎಂದು ಗೆಡ್ಡಿಸ್ ಟೋಪಿಯ ಹಿಂದಿನಿಂದ ಕೇಳಿದರು.

"ನೀರಲ್ಲೇ ಇದ್ಲು," ಎಂದಳು ಮೆರ್ರನ್ ನಿಧಾನಕ್ಕೆ. "ಬೆಳಿಗ್ಗೆಯಿಂದ ಇದ್ಲು. ಬಂಡೆ ಎತ್ತರ, ಹತ್ತೋಕೆ ಆಗ್ತಿರ್ಲಿಲ್ಲ. ನೀರು ಏರಲಿ ಅಂತ ಕಾಯ್ತಿದ್ಲು." ತಾವು ಮೂವರೂ ಬೆಳಗಿನಿಂದ ಹೆದರಿದ್ದ ನೀರು ಅದೇ.

ಆ ಹೊತ್ತಿಗೆ ಬೆಲ್ಲಾ ಒಮ್ಮೆ ಆಕಳಿಸಿ ಮಗ್ಗುಲು ಬದಲಿಸಿದಳು. ಅವಳ ಬೆನ್ನಿಗೂ ಪಾಚಿಯ ದಿಬ್ಬಕ್ಕೂ ನಡುವೆ ದುಂಡನೆಯ ಬಿಳಿ ಮರಿಯೊಂದು ಮಲಗಿತ್ತು. ಕುಡಿದು ಕುಡಿದು ಕತ್ತೇ ಇಲ್ಲದ ಹಾಗೆ ಊದಿಕೊಂಡಿತ್ತು. ಮೆರ್ರನ್ ಅದನ್ನು ನೋಡಿ ದೊಡ್ಡಮ್ಮನ ಮುಖ ನೋಡಿದಳು. ಥೋರಾ ಹೆಸರು ಹೇಳಿದ್ದರೆ ಈ ಹೊತ್ತಿಗೆ ಏನಾಗಿರುತ್ತಿತ್ತೆಂದು ಇಬ್ಬರಿಗೂ ಗೊತ್ತಿತ್ತು.

ಗೆಡ್ಡಿಸ್‌ಗೆ ಕುಣಿಯುವಷ್ಟು ಸಂತೋಷವಾಗಿತ್ತು, ಕುಣಿಯುವಂತಿರಲಿಲ್ಲ. ಗೋಡೆಯ ಕೆಳಗೇ ಬಗ್ಗಿ ಬಗ್ಗಿ ಕಾರಿನ ತನಕ ಹೋದರು, ಹೆಂಡತಿಗೆ ಹೇಳಬೇಕಿತ್ತು. ದೂರದಲ್ಲಿ ನಾಯಿ ಒಮ್ಮೆ ಬೊಗಳಿ ಸುಮ್ಮನಾಯಿತು.

ಥೋರಾ ಮಾತ್ರ ಏಳಲಿಲ್ಲ. ಅವಳಿಗೂ ಸಂತೋಷವಾಗಿತ್ತು, ಸುಳ್ಳಲ್ಲ. ಆದರೆ ಅದರ ಬೆನ್ನಿಗೇ ಬೇರೊಂದು ಬಂದು ಅವಳನ್ನು ಹಿಡಿದುಕೊಂಡಿತ್ತು. ಹೋದ ವರ್ಷ ಮರಿಯನ್ನು ಕೋಟಿನೊಳಗೆ ಹಾಕಿಕೊಂಡಾಗ ಅದು ಬಿಸಿಯಾಗಿತ್ತು, ಎದೆಗೆ ಒದೆಯುತ್ತಿತ್ತು. ಆಗ ಅವಳು ಕಡಲಿಗೆ ಬೆನ್ನು ಹಾಕಿ ನಡೆದಿದ್ದಳು.

"ಆವತ್ತೂ ಹೀಗೇ ಇಳಿತ," ಎಂದಳು. "ಅದರ ತಾಯಿನೂ ನೀರಲ್ಲೇ ಇದ್ಲು ಮೆರ್ರನ್. ನಾನು ಎತ್ಕೊಂಡು ಹೋಗಿದ್ದನ್ನ ಅವಳು ನೋಡಿದ್ಲು."

ಇರಲಿಕ್ಕಿಲ್ಲ ಎಂದು ಮೆರ್ರನ್ ಹೇಳಬಹುದಿತ್ತು. ಹೇಳಲಿಲ್ಲ. ಸಮಾಧಾನಕ್ಕೆ ಸುಳ್ಳು ಹೇಳುವ ಹೆಣ್ಣಲ್ಲ ಅವಳು. ಪಕ್ಕಕ್ಕೆ ಸರಿದು ಭುಜಕ್ಕೆ ಭುಜ ತಾಗಿಸಿ ಕೂತಳು. ಥೋರಾ ಅತ್ತಳು, ಒಂದು ವರ್ಷದಿಂದ ಅಳದೇ ಉಳಿಸಿಕೊಂಡಿದ್ದನ್ನೆಲ್ಲ ಅತ್ತಳು. ಕೆಳಗಿನವುಗಳಿಗೆ ಕೇಳಿಸಬಾರದೆಂದು ಹಳದಿ ಕೋಟಿನ ತೋಳನ್ನು ಬಾಯಿಗೆ ಒತ್ತಿಕೊಂಡಿದ್ದಳು.